ದಾರಿಹೋಕನ ನಮಸ್ಕಾರ: ಪವಿತ್ರ ಸ್ಥಳಗಳನ್ನು ಹಾದುಹೋಗುವಾಗ ಕ್ರೈಸ್ತ ವಿಶ್ವಾಸಿ ತೋರುವ ಗೌರವದ ಅರ್ಥ

ಪೀಠಿಕೆ

ರಾಯಚೂರು ನಗರದಿಂದ ಮಾನ್ವಿಗೋ ದೇವದುರ್ಗಕ್ಕೋ ಹೊರಟ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೈಗಳು ಮೇಲೇಳುತ್ತಿರುತ್ತವೆ. ಹನುಮಪ್ಪನ ಗುಡಿ ಎದುರಾದಾಗ ಒಬ್ಬರು ಕೈ ಮುಗಿದು ಗಲ್ಲ ಮುಟ್ಟಿಕೊಳ್ಳುತ್ತಾರೆ. ದರ್ಗಾ ಕಂಡಾಗ ಇನ್ನೊಬ್ಬರ ಬೆರಳು ತುಟಿಗೂ ಹಣೆಗೂ ಹೋಗುತ್ತದೆ. ದೇವಾಲಯದ ಶಿಖರದ ಮೇಲಿನ ಶಿಲುಬೆ ಕಾಣಿಸಿದಾಗ ಕಥೋಲಿಕ ತಾಯಿಯೊಬ್ಬಳು ಹಣೆ, ಎದೆ, ಭುಜಗಳನ್ನು ಮುಟ್ಟಿ ಶಿಲುಬೆಯ ಗುರುತು ಹಾಕಿಕೊಂಡು, ಕೊನೆಗೆ ಬೆರಳನ್ನು ಕಣ್ಣಿಗೊತ್ತಿಕೊಳ್ಳುತ್ತಾಳೆ. ಅದೇ ಸಾಲಿನಲ್ಲಿ ಕುಳಿತ ಮೆಥೋಡಿಸ್ಟ್ ಸಭೆಯ ಹಿರಿಯರು ಯಾವ ಗುರುತನ್ನೂ ಮಾಡದೆ ಸುಮ್ಮನೆ ಕುಳಿತಿರುತ್ತಾರೆ.

ಇಷ್ಟು ಚಿಕ್ಕ ಕ್ರಿಯೆಯ ಬಗ್ಗೆ ದೈವಶಾಸ್ತ್ರಕ್ಕೆ ಹೇಳುವುದೇನಿದೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ವಿಶ್ವಾಸಿಗಳು ವಾರಕ್ಕೊಮ್ಮೆ ಪ್ರಬೋಧನೆ ಕೇಳುತ್ತಾರೆ, ಈ ಗುರುತನ್ನಾದರೋ ದಿನಕ್ಕೆ ಹಲವು ಬಾರಿ ಮಾಡುತ್ತಾರೆ. ಮಕ್ಕಳು ಧರ್ಮೋಪದೇಶದ ಪುಸ್ತಕ ಓದುವ ಮೊದಲೇ ಇದನ್ನು ತಾಯಿಯ ಸೊಂಟದ ಮೇಲೆ ಕುಳಿತು ಕಲಿಯುತ್ತಾರೆ. ಇದರ ಅರ್ಥವನ್ನು ಕೇಳಿದಾಗ ಗುರುಗಳೂ ಉಪದೇಶಿಗಳೂ ಕೊಡುವ ಉತ್ತರ ಜನರ ವಿಶ್ವಾಸವನ್ನು ಬೆಳೆಸಬಲ್ಲದು, ಒಂದು ಮಾತಿನಲ್ಲಿ ಕುಗ್ಗಿಸಲೂಬಲ್ಲದು. ಆದುದರಿಂದ ಈ ಲೇಖನವು ಮೂರು ಪ್ರಶ್ನೆಗಳನ್ನು ಎತ್ತಿಕೊಳ್ಳುತ್ತದೆ: ಈ ನಮಸ್ಕಾರ ಎಲ್ಲಿಂದ ಬಂತು? ಅದು ಯಾರಿಗೆ ಸಲ್ಲುತ್ತದೆ? ನಮ್ಮ ಜಿಲ್ಲೆಯಂತಹ ನೆಲದಲ್ಲಿ ಅದನ್ನು ಹೇಗೆ ಕಲಿಸಬೇಕು?

1. ಪವಿತ್ರ ಗ್ರಂಥದ ಆಧಾರ

ದೇವಾಲಯದ ಮುಂದೆ ಹಾದುಹೋಗುವಾಗ ಶಿಲುಬೆಯ ಗುರುತು ಹಾಕಬೇಕೆಂಬ ಆಜ್ಞೆ ಪವಿತ್ರ ಗ್ರಂಥದಲ್ಲಿ ಎಲ್ಲಿಯೂ ಇಲ್ಲ. ಇದನ್ನು ಮೊದಲಿಗೇ ಒಪ್ಪಿಕೊಳ್ಳುವುದು ಒಳಿತು. ಆದರೆ ಈ ಗುರುತು ಬೇರುಬಿಟ್ಟಿರುವ ಮಣ್ಣು ಅಲ್ಲಿದೆ.

ಮೊದಲನೆಯದು, ದೇವರ ಸಾನ್ನಿಧ್ಯಕ್ಕೆ ದೇಹವೂ ಉತ್ತರ ಕೊಡುತ್ತದೆ ಎಂಬ ಅರಿವು. ಉರಿಯುವ ಪೊದೆಯ ಬಳಿ ಮೋಶೆಗೆ ಕೆರ ಕಳಚು ಎಂಬ ಅಪ್ಪಣೆಯಾಯಿತು (ವಿಮೋಚನಾಕಾಂಡ 3:5). ಯೆರಿಕೋ ಬಳಿ ಯೆಹೋಶುವನಿಗೂ ಅದೇ ಅಪ್ಪಣೆಯಾಯಿತು (ಯೆಹೋಶುವ 5:15). ಆ ಎರಡೂ ಕಡೆ ಕಟ್ಟಡವಿರಲಿಲ್ಲ. ಅಲ್ಲಿನ ನೆಲ ಪವಿತ್ರವಾದದ್ದು ದೇವರು ಅಲ್ಲಿ ಭೇಟಿಯಾದುದರಿಂದ.

ಎರಡನೆಯದು, ಪ್ರಯಾಣದ ನಡುವೆ ಎದುರಾಗುವ ಪವಿತ್ರತೆ. ಯಕೋಬನು ದಾರಿಹೋಕ, ಅಣ್ಣನಿಗೆ ಹೆದರಿ ಮನೆ ಬಿಟ್ಟವನು. ಕತ್ತಲಾಯಿತೆಂದು ಎಲ್ಲೋ ಮಲಗಿದ ಅವನಿಗೆ ಎಚ್ಚರವಾದಾಗ ತಾನು ಅರಿಯದೆಯೇ ದೇವರ ಮನೆಯ ಬಾಗಿಲಲ್ಲಿ ಮಲಗಿದ್ದೆನೆಂಬುದು ತಿಳಿಯಿತು. ತಲೆಗಿಟ್ಟುಕೊಂಡಿದ್ದ ಕಲ್ಲನ್ನೇ ಅವನು ನಿಲ್ಲಿಸಿ ಎಣ್ಣೆ ಹೊಯ್ದ (ಆದಿಕಾಂಡ 28:10-19). ಹಾದುಹೋಗುವವನ ನಮಸ್ಕಾರಕ್ಕೆ ಇದಕ್ಕಿಂತ ಹಳೆಯ ಮಾದರಿ ಬೇಕಿಲ್ಲ.

ಮೂರನೆಯದು, ದೂರದಿಂದ ಸಲ್ಲಿಸುವ ಗೌರವ. ದೇವರ ಪವಿತ್ರ ಆಲಯದ ಕಡೆಗೆ ಬಾಗುವ ಮಾತು ಐದನೆಯ ಕೀರ್ತನೆಯಲ್ಲಿ ಬರುತ್ತದೆ. ಬಾಬಿಲೋನಿನಲ್ಲಿ ಸೆರೆಯಲ್ಲಿದ್ದ ದಾನಿಯೇಲನು ದಿನಕ್ಕೆ ಮೂರು ಬಾರಿ ಯೆರೂಸಲೇಮಿನ ಕಡೆಗೆ ತೆರೆದ ಕಿಟಕಿಯ ಬಳಿ ಮೊಣಕಾಲೂರಿದನು (ದಾನಿಯೇಲ 6:10). ಅವನು ಮುಖ ಮಾಡಿದ ಪಟ್ಟಣದಲ್ಲಿ ಆಗ ಮಹಾದೇವಾಲಯವೇ ಉಳಿದಿರಲಿಲ್ಲ ಎಂಬುದನ್ನು ಗಮನಿಸಬೇಕು.

ನಾಲ್ಕನೆಯದು, ದೇಹದ ಮೇಲಿನ ಗುರುತು. ಯೆಹೆಜ್ಕೇಲನ ದರ್ಶನದಲ್ಲಿ ನಗರದ ಅನ್ಯಾಯಗಳಿಗಾಗಿ ನಿಟ್ಟುಸಿರಿಡುವವರ ಹಣೆಯ ಮೇಲೆ ಗುರುತು ಬೀಳುತ್ತದೆ (ಯೆಹೆಜ್ಕೇಲ 9:4). ಆ ಗುರುತು ಹೀಬ್ರೂ ವರ್ಣಮಾಲೆಯ ಕೊನೆಯ ಅಕ್ಷರವಾದ ತಾವ್. ಹಳೆಯ ಲಿಪಿಯಲ್ಲಿ ಆ ಅಕ್ಷರ ಶಿಲುಬೆಯಾಕಾರದ್ದಾಗಿದ್ದುದರಿಂದ ಸಭಾಪಿತೃಗಳು ಅದರಲ್ಲಿ ಶಿಲುಬೆಯ ಮುನ್ಸೂಚನೆಯನ್ನು ಕಂಡರು. ಗುರುತು ಪಡೆದವರು ಅನ್ಯಾಯಕ್ಕೆ ಮರುಗುವವರು ಎಂಬ ಮಾತಿಗೆ ನಾವು ಮುಂದೆ ಮರಳಬೇಕಾಗುತ್ತದೆ.

2. ಸಂಪ್ರದಾಯದಲ್ಲಿ ಬೆಳೆದ ಬಗೆ

ಸುಮಾರು 211ರಲ್ಲಿ ಉತ್ತರ ಆಫ್ರಿಕದ ತೆರ್ತುಲ್ಲಿಯನ್ ತನ್ನ ಕಾಲದ ಕ್ರೈಸ್ತರ ವಾಡಿಕೆಯನ್ನು ದಾಖಲಿಸಿದ್ದಾನೆ. ಮನೆಯಿಂದ ಹೊರಡುವಾಗ, ಒಳಬರುವಾಗ, ಕೆರ ಮೆಟ್ಟುವಾಗ, ಊಟಕ್ಕೆ ಕೂರುವಾಗ, ದೀಪ ಹಚ್ಚುವಾಗ, ಮಲಗುವಾಗ ಅವರು ಹಣೆಯ ಮೇಲೆ ಗುರುತು ಹಾಕಿಕೊಳ್ಳುತ್ತಿದ್ದರು. ಇದಕ್ಕೆ ಗ್ರಂಥದ ಆಜ್ಞೆಯನ್ನು ಹುಡುಕಿದರೆ ಸಿಗದು, ಸಂಪ್ರದಾಯವೇ ಇದರ ಮೂಲ ಎಂದು ಅವನೇ ಒಪ್ಪುತ್ತಾನೆ. ನಾಲ್ಕನೆಯ ಶತಮಾನದ ನಡುವೆ ಯೆರೂಸಲೇಮಿನ ಸಂತ ಸಿರಿಲರು ದೀಕ್ಷಾಸ್ನಾನಕ್ಕೆ ಸಿದ್ಧರಾಗುತ್ತಿದ್ದವರಿಗೆ ಇದೇ ವಿಷಯವನ್ನು ಬೋಧಿಸಿದರು. ಶಿಲುಬೆಗೇರಿದವನನ್ನು ಒಪ್ಪಿಕೊಳ್ಳಲು ನಾಚಬಾರದು, ಉಣ್ಣುವಾಗಲೂ ಪ್ರಯಾಣಿಸುವಾಗಲೂ ಹಣೆಯ ಮೇಲೆ ಧೈರ್ಯದಿಂದ ಆ ಗುರುತು ಹಾಕಬೇಕು ಎಂಬುದು ಅವರ ಬೋಧನೆ. ಬಡವರಿಗೆ ಇದಕ್ಕೆ ಖರ್ಚಿಲ್ಲ, ರೋಗಿಗಳಿಗೆ ಶ್ರಮವಿಲ್ಲ ಎಂದು ಅವರು ಸೇರಿಸುವ ಮಾತು ಇಂದಿಗೂ ಹಳತಾಗಿಲ್ಲ.

ಇಲ್ಲೆಲ್ಲ ಗುರುತು ಬರುವುದು ದಿನದ ತಿರುವುಗಳಲ್ಲಿ: ಹೊಸ್ತಿಲು, ಊಟ, ದೀಪ, ನಿದ್ರೆ. ದೇವಾಲಯದ ಮುಂದೆ ಹಾದುಹೋಗುವಾಗ ಎಂಬ ಸಂದರ್ಭ ಆಮೇಲೆ ಕೂಡಿಕೊಂಡದ್ದು. ಪರಮಪ್ರಸಾದವನ್ನು ದೇವಾಲಯದಲ್ಲಿ ಕಾದಿರಿಸುವ ಕ್ರಮ ಗಟ್ಟಿಯಾದಂತೆ ಈ ಭಕ್ತಿಯೂ ಬೆಳೆಯಿತು. ಪರಮಪ್ರಸಾದವನ್ನು ಎಲ್ಲ ದೇವಾಲಯಗಳಲ್ಲೂ ಬೀಗ ಹಾಕಿ ಭದ್ರವಾಗಿಡಬೇಕೆಂದು 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ವಿಧಿಸಿತು. ಆ ಸಂಸ್ಕಾರಕ್ಕೆ ದೇವರಿಗೆ ಮಾತ್ರ ಸಲ್ಲುವ ಆರಾಧನೆಯೇ ಸಲ್ಲಬೇಕೆಂದು 1551ರಲ್ಲಿ ತ್ರೆಂತ್ ಮಹಾಸಭೆ ಬೋಧಿಸಿತು. ಗೋಡೆಯ ಆಚೆ ಪ್ರಭು ಇದ್ದಾರೆ ಎಂದು ನಂಬಿದವನು ಗೋಡೆಯ ಈಚೆಯೇ ತಲೆಬಾಗಿದ. ಯೂರೋಪಿನಲ್ಲಿ ಗಂಡಸರು ಟೋಪಿ ತೆಗೆದರು, ಹೆಂಗಸರು ಶಿಲುಬೆಯ ಗುರುತು ಹಾಕಿಕೊಂಡರು. ಫಿಲಿಪ್ಪೀನ್ಸಿನಲ್ಲಿ ಇಂದಿಗೂ ಬಸ್ಸು ಚರ್ಚನ್ನು ದಾಟುವಾಗ ಜನ ಹಣೆ ಮುಟ್ಟಿಕೊಳ್ಳುತ್ತಾರೆ.

ನಮ್ಮ ಜಿಲ್ಲೆಗೆ ಈ ಸಂಪ್ರದಾಯ ಬಂದ ದಾರಿ ಹಳೆಯದು. ಲಿಂಗಸುಗೂರು ತಾಲೂಕಿನ ಮುದಗಲ್ಲಿನಲ್ಲಿ ಗೋವೆಯಿಂದ ಬಂದ ಮಿಷನರಿಗಳು ಆದಿಲಶಾಹಿ ಆಳ್ವಿಕೆಯ ಕಾಲದಲ್ಲಿಯೇ ಕಥೋಲಿಕ ಸಮುದಾಯವೊಂದನ್ನು ಕಟ್ಟಿದ್ದರು. ಇಂದು ರಾಯಚೂರು ಜಿಲ್ಲೆ ಬಳ್ಳಾರಿ ಧರ್ಮಕ್ಷೇತ್ರಕ್ಕೆ ಸೇರಿದೆ. ಮಾನ್ವಿಯಲ್ಲಿ ಯೇಸುಸಭೆಯವರ ಲೊಯೋಲ ಶಾಲೆ ಇದೆ. ಇದರ ಪಕ್ಕದಲ್ಲಿಯೇ ಅಮೆರಿಕದ ಮೆಥೋಡಿಸ್ಟ್ ಮಿಷನ್ನಿನ ಶ್ರಮದಿಂದ ಬೆಳೆದ ಸಭೆಗಳಿವೆ. ಹೀಗೆ ಒಂದೇ ದಾರಿಯಲ್ಲಿ, ಒಂದೇ ಬಸ್ಸಿನಲ್ಲಿ, ಎರಡು ಬಗೆಯ ಕ್ರೈಸ್ತ ದೇಹಭಾಷೆಗಳು ಕೂಡಿ ಪ್ರಯಾಣಿಸುತ್ತಿವೆ.

3. ಯಾವುದರ ಮುಂದೆ, ಯಾವ ಗೌರವ?

ಜನರು ಎಲ್ಲ ಪವಿತ್ರ ಸ್ಥಳಗಳ ಮುಂದೆ ಒಂದೇ ಗುರುತನ್ನು ಮಾಡಬಹುದು. ಆದರೆ ಅರ್ಥ ಎಲ್ಲೆಡೆ ಒಂದೇ ಅಲ್ಲ. ಪಾಲಕರಾಗುವವರು ಈ ಭೇದವನ್ನು ಸ್ಪಷ್ಟವಾಗಿ ಅರಿತಿರಬೇಕು.

ಪರಮಪ್ರಸಾದವಿರುವ ದೇವಾಲಯ: ಇಲ್ಲಿ ಸಲ್ಲುವುದು ಆರಾಧನೆ. ಪ್ರಸಾದ ಪೇಟಿಕೆಯ ಬಳಿ ಉರಿಯುವ ನಂದಾದೀಪ ಆ ಸಾನ್ನಿಧ್ಯದ ಗುರುತು. ಒಳಗೆ ಬಂದಾಗ ಮೊಣಕಾಲೂರುವವನು ಹೊರಗೆ ಹಾದುಹೋಗುವಾಗ ಶಿಲುಬೆಯ ಗುರುತು ಹಾಕಿದರೆ, ಎರಡೂ ಒಬ್ಬನೇ ಪ್ರಭುವಿಗೆ ಸಲ್ಲುತ್ತವೆ. ಬಲಿಪೂಜೆಯ ಸಾಮಾನ್ಯ ನಿಯಮಾವಳಿಯ ಪ್ರಕಾರ (ಸಂಖ್ಯೆ 274) ಮೊಣಕಾಲೂರುವುದು ಆರಾಧನೆಯ ಸೂಚಕ. ಅದು ಪರಮಪ್ರಸಾದಕ್ಕೆ ಮೀಸಲು, ಜೊತೆಗೆ ಶುಭ ಶುಕ್ರವಾರದ ಶಿಲುಬೆಯಾರಾಧನೆಯಿಂದ ಪಾಸ್ಖ ಜಾಗರಣೆಯವರೆಗೆ ಪವಿತ್ರ ಶಿಲುಬೆಗೂ ಸಲ್ಲುತ್ತದೆ.

ಪರಮಪ್ರಸಾದವಿಲ್ಲದ ಪ್ರಾರ್ಥನಾಲಯ: ನಮ್ಮ ಹಳ್ಳಿಗಳಲ್ಲಿ ಇಂಥವು ಅನೇಕ. ಗುರುಗಳು ಬಂದಾಗ ಮಾತ್ರ ಬಲಿಪೂಜೆ ನಡೆಯುತ್ತದೆ, ಉಳಿದ ದಿನಗಳಲ್ಲಿ ದೀಪ ಉರಿಯುವುದಿಲ್ಲ. ಹಾಗೆಂದು ಅದು ಬರಿಯ ಕೊಠಡಿಯಲ್ಲ. 1983ರ ಧರ್ಮಸಭಾ ಕಾನೂನು ಸಂಹಿತೆಯ 1205ನೆಯ ಕಾನೂನು ದೈವಾರಾಧನೆಗಾಗಿ ಅಥವಾ ವಿಶ್ವಾಸಿಗಳನ್ನು ಮಣ್ಣು ಮಾಡುವುದಕ್ಕಾಗಿ ಪ್ರತಿಷ್ಠೆಯಿಂದಲೋ ಆಶೀರ್ವಾದದಿಂದಲೋ ಪ್ರತ್ಯೇಕಿಸಲಾದ ಸ್ಥಳಗಳನ್ನು ಪವಿತ್ರವೆನ್ನುತ್ತದೆ. ಅಲ್ಲಿ ವಾಕ್ಯ ಸಾರಲಾಗಿದೆ, ಮಕ್ಕಳು ದೀಕ್ಷಾಸ್ನಾನ ಪಡೆದಿದ್ದಾರೆ, ದಂಪತಿಗಳು ಕೈ ಹಿಡಿದಿದ್ದಾರೆ. ಆ ನೆನಪಿಗೆ ತಲೆಬಾಗುವುದು ಯೋಗ್ಯ.

ದಾರಿಬದಿಯ ಶಿಲುಬೆ, ಮಾತೆ ಮರಿಯಮ್ಮನವರ ಗವಿ, ಸಂತರ ಪ್ರತಿಮೆ: ಇಲ್ಲಿ 787ರ ಎರಡನೆಯ ನೈಸಿಯ ಮಹಾಸಭೆಯ ಬೋಧನೆ ಮಾರ್ಗದರ್ಶಿ. ಆರಾಧನೆ ದೇವರೊಬ್ಬರಿಗೇ, ಪ್ರತಿಮೆಗಳಿಗೆ ಸಲ್ಲುವುದು ಗೌರವವಂದನೆ. ಪ್ರತಿಮೆಗೆ ಕೊಟ್ಟ ಗೌರವ ಅದು ಸೂಚಿಸುವ ವ್ಯಕ್ತಿಗೆ ತಲುಪುತ್ತದೆ ಎಂಬ ಸಂತ ಬೆಸಿಲರ ವಿಚಾರವನ್ನು ಮಹಾಸಭೆ ತನ್ನದಾಗಿಸಿಕೊಂಡಿತು. ಗವಿಯ ಮುಂದೆ ಕೈ ಮುಗಿದ ಅಜ್ಜಿಗೆ ಈ ಪದಗಳು ತಿಳಿದಿರಲಿಕ್ಕಿಲ್ಲ. ಆದರೆ ಕಲ್ಲಿಗೆ ಕೈ ಮುಗಿದೆಯಾ ಎಂದು ಕೇಳಿದರೆ ಆಕೆ ನಕ್ಕು, ನಮ್ಮವ್ವಗೆ ಮುಗಿದೀನಿ ಎಂದಾಳು. ಮಹಾಸಭೆ ಹೇಳಿದ್ದನ್ನೇ ಆಕೆಯೂ ಹೇಳಿದಂತಾಯಿತು.

ಸಮಾಧಿಭೂಮಿ: ಇಲ್ಲಿ ಹಾಕುವ ಗುರುತು ಮೃತರಿಗಾಗಿ ಮಾಡುವ ಕಿರು ಪ್ರಾರ್ಥನೆ, ಜೊತೆಗೆ ಪುನರುತ್ಥಾನದ ಮೇಲಿನ ಭರವಸೆಯ ಅರಿಕೆ. ಸಮಾಧಿಯನ್ನು ಕಂಡು ಹೆದರಿ ಹಾಕಿಕೊಳ್ಳುವ ರಕ್ಷಣೆಯ ಗುರುತಾಗಿ ಅದು ಇಳಿಯದಂತೆ ನೋಡಿಕೊಳ್ಳಬೇಕು.

4. ನಮ್ಮ ನೆಲದ ನಮಸ್ಕಾರ

ಶಿಲುಬೆಯ ಗುರುತು ಸಾರ್ವತ್ರಿಕ ಧರ್ಮಸಭೆಯ ಸೊತ್ತು. ಅದನ್ನು ಮುಗಿಸಿದ ಮೇಲೆ ಬೆರಳನ್ನು ಕಣ್ಣಿಗೊತ್ತಿಕೊಳ್ಳುವುದು, ದೇವಾಲಯದ ಹೊಸ್ತಿಲು ಮುಟ್ಟಿ ಹಣೆಗೆ ತಂದುಕೊಳ್ಳುವುದು, ಬಾಗಿಲಲ್ಲಿ ಕೆರ ಬಿಡುವುದು ನಮ್ಮ ಜನ ತಮ್ಮ ಮನೆಯಿಂದ ತಂದದ್ದು. ಇವು ಅನ್ಯಧರ್ಮದ ಶೇಷಗಳೆಂದು ಅನುಮಾನಿಸಿದವರು ನಮ್ಮಲ್ಲಿ ಇದ್ದರು, ಈಗಲೂ ಇದ್ದಾರೆ.

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಪ್ರಕಟಿಸಿದ ದೈವಾರಾಧನಾ ಸಂವಿಧಾನವು 37ರಿಂದ 40ರವರೆಗಿನ ವಿಧಿಗಳಲ್ಲಿ ಜನಾಂಗಗಳ ಸಂಸ್ಕೃತಿಗೆ ಹೊಂದುವ ಮಾರ್ಪಾಡುಗಳಿಗೆ ಬಾಗಿಲು ತೆರೆಯಿತು. ಅದನ್ನನುಸರಿಸಿ ಭಾರತದ ಧರ್ಮಾಧ್ಯಕ್ಷರು ಕೇಳಿದ ಹನ್ನೆರಡು ಅಂಶಗಳಿಗೆ 1969ರ ಏಪ್ರಿಲ್ 25ರಂದು ರೋಮಿನ ಒಪ್ಪಿಗೆ ದೊರೆಯಿತು. ಪಾದರಕ್ಷೆ ಕಳಚುವುದು, ಮೊಣಕಾಲೂರುವ ಬದಲು ಅಂಜಲಿಬದ್ಧರಾಗಿ ಆಳವಾಗಿ ಬಾಗುವುದು, ಪಂಚಾಂಗ ಪ್ರಣಾಮ, ಪವಿತ್ರ ವಸ್ತುಗಳನ್ನು ಮುದ್ದಿಡುವ ಬದಲು ಬೆರಳಿನಿಂದ ಮುಟ್ಟಿ ಕಣ್ಣಿಗೋ ಹಣೆಗೋ ಒತ್ತಿಕೊಳ್ಳುವುದು ಅವುಗಳಲ್ಲಿ ಸೇರಿವೆ. ಬೆಂಗಳೂರಿನ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ದೈವಾರಾಧನಾ ಕೇಂದ್ರದ ಮೂಲಕ ಇವುಗಳ ಅರ್ಥವನ್ನು ದೇಶಕ್ಕೆ ತಿಳಿಸಿದವರಲ್ಲಿ ಗುರು ಡಿ. ಎಸ್. ಅಮಲೋರ್ಪವದಾಸರು ಅಗ್ರಗಣ್ಯರು.

ಇಲ್ಲಿ ಒಂದು ವಿಷಯ ಗಮನಾರ್ಹ. ವಿದ್ವಾಂಸರು ಸಭೆ ಸೇರಿ ಅನುಮತಿ ಪಡೆದ ಹಲವು ಅಂಶಗಳನ್ನು ನಮ್ಮ ಹಳ್ಳಿಯ ವಿಶ್ವಾಸಿಗಳು ಯಾರನ್ನೂ ಕೇಳದೆ ಮಾಡುತ್ತಲೇ ಬಂದಿದ್ದಾರೆ. ಶಿಲುಬೆಯ ಗುರುತು ಹಾಕಿ ಬೆರಳನ್ನು ಕಣ್ಣಿಗೊತ್ತಿಕೊಳ್ಳುವ ತಾಯಿ ತ್ರಿತ್ವದ ಹೆಸರನ್ನೂ ನಾಡಿನ ನಮಸ್ಕಾರವನ್ನೂ ಒಂದೇ ಉಸಿರಿನಲ್ಲಿ ಕೂಡಿಸುತ್ತಾಳೆ. ಇಂತಹ ಭಕ್ತಿಯನ್ನು ಕುರಿತು ಅದೇ ಸಂವಿಧಾನದ 13ನೆಯ ವಿಧಿ ಕೊಡುವ ಅಳತೆಗೋಲು ಸರಳವಾದುದು: ಜನಭಕ್ತಿ ದೈವಾರಾಧನೆಯಿಂದ ಹೊಮ್ಮಬೇಕು, ಜನರನ್ನು ಅದರ ಕಡೆಗೇ ಕರೆದೊಯ್ಯಬೇಕು. ಹಾದುಹೋಗುವಾಗ ಹಾಕಿದ ಗುರುತು ಭಾನುವಾರ ಬಾಗಿಲೊಳಗೆ ಕಾಲಿಡುವ ಆಸೆಯನ್ನು ಉಳಿಸುತ್ತಿದ್ದರೆ ಅದು ತನ್ನ ಕೆಲಸ ಮಾಡುತ್ತಿದೆ. ಬಾಗಿಲ ಹೊರಗಿನಿಂದಲೇ ಸಾಲ ತೀರಿಸಿದಂತೆ ಆಗುತ್ತಿದ್ದರೆ ತಿದ್ದಬೇಕಾಗುತ್ತದೆ.

5. ಹೊರಗೆ ನಿಂತವರ ನಮಸ್ಕಾರ

ಈ ಭಾಗದಲ್ಲಿ ಗುರುತಿನ ಅರ್ಥವನ್ನು ಚರ್ಚಿಸುವವರು ಒಂದು ಚರಿತ್ರೆಯನ್ನು ಮರೆಯುವಂತಿಲ್ಲ. ನಮ್ಮ ಅನೇಕ ಕ್ರೈಸ್ತ ಕುಟುಂಬಗಳ ಹಿರಿಯರು ಗುಡಿಯೊಳಗೆ ಪ್ರವೇಶವಿಲ್ಲದ ಕೇರಿಗಳಿಂದ ಬಂದವರು. ಅವರು ದೂರದಿಂದ ಕೈ ಮುಗಿದದ್ದು ಭಕ್ತಿಯಿಂದಲೇ ಆಗಿದ್ದಿರಬಹುದು. ಆದರೆ ಆ ದೂರವನ್ನು ಅವರು ಆರಿಸಿಕೊಂಡಿರಲಿಲ್ಲ. ಊರು ಅದನ್ನು ಅವರ ಮೇಲೆ ಹೇರಿತ್ತು. ಗುಡಿಯ ಮುಂದಿನ ರಸ್ತೆಯೇ ಅವರ ಪಾಲಿನ ಗರ್ಭಗುಡಿಯಾಗಿತ್ತು.

ಹೀಗಿರುವಾಗ, ದೇವಾಲಯದ ಹೊರಗೆ ತಲೆಬಾಗಿ ಹೋಗುವುದು ಅವರ ಮೊಮ್ಮಕ್ಕಳಿಗೆ ಏನನ್ನು ಹೇಳಬೇಕು? ಎಫೆಸದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯ ಇಲ್ಲಿ ಹೊಸ ಬೆಳಕಿನಲ್ಲಿ ಕಾಣಿಸುತ್ತದೆ. ದೂರದಲ್ಲಿದ್ದವರು ಕ್ರಿಸ್ತರ ರಕ್ತದಿಂದ ಹತ್ತಿರವಾದರು, ನಡುವಣ ಗೋಡೆ ಬಿದ್ದಿತು, ಪರಕೀಯರು ದೇವರ ಮನೆತನದವರಾದರು. ಲೂಕನ ಶುಭಸಂದೇಶದ ಸುಂಕದವನು ದೂರ ನಿಂತು ಎದೆ ಬಡಿದುಕೊಂಡನು, ಆದರೆ ನೀತಿವಂತನಾಗಿ ಮನೆಗೆ ಹೋದವನು ಅವನೇ (18:13-14). ಹಾಗಾದರೆ ಕ್ರೈಸ್ತನ ದಾರಿಬದಿಯ ನಮಸ್ಕಾರ ಮನೆಯ ಮಗನದು. ಹೊಲಕ್ಕೆ ಹೊರಟ ಮಗ ಅಂಗಳದಲ್ಲಿ ಕುಳಿತ ತಂದೆಗೆ, ಹೋಗಿ ಬರ್ತೀನಪ್ಪಾ ಎಂದು ಹೇಳಿ ಹೋಗುವಂತೆ ಅದು. ಬಾಗಿಲು ಅವನಿಗೆ ತೆರೆದೇ ಇದೆ ಎಂಬ ಭರವಸೆ ಅದರೊಳಗಿದೆ.

ಇದರಿಂದ ಪಾಲಕರಿಗೆ ಒಂದು ಕರ್ತವ್ಯ ಹುಟ್ಟುತ್ತದೆ. ದೇವಾಲಯದ ಒಳಗೆ ಕೂರುವ ಸಾಲಿನಲ್ಲಿ, ಪರಮಪ್ರಸಾದದ ಸರದಿಯಲ್ಲಿ, ಸಮಾಧಿಭೂಮಿಯ ಮೂಲೆಯಲ್ಲಿ ಜಾತಿಯ ನೆರಳು ಉಳಿದಿದ್ದರೆ, ಹೊರಗಿನ ಗುರುತಿಗೆ ನಾವು ಕೊಡುವ ವಿವರಣೆ ಎಷ್ಟು ಸುಂದರವಾಗಿದ್ದರೂ ಪೊಳ್ಳು. ಯೆಹೆಜ್ಕೇಲನ ದರ್ಶನದ ಗುರುತು ಬಿದ್ದದ್ದು ಅನ್ಯಾಯಕ್ಕೆ ನಿಟ್ಟುಸಿರಿಟ್ಟವರ ಹಣೆಯ ಮೇಲೆ ಎಂಬುದನ್ನು ಇಲ್ಲಿ ನೆನೆಯಬೇಕು.

ಇನ್ನೊಂದು ನೋವೂ ಇದೆ. 1950ರ ರಾಷ್ಟ್ರಪತಿಗಳ ಪರಿಶಿಷ್ಟ ಜಾತಿ ಆದೇಶವು ಆ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು, ಕ್ರೈಸ್ತರಿಗೆ ವಿಸ್ತರಿಸಲಿಲ್ಲ. ಆದುದರಿಂದ ಬಸ್ಸಿನಲ್ಲಿ ಹಾಕುವ ಶಿಲುಬೆಯ ಗುರುತು ಕೆಲವರಿಗೆ ಬರಿಯ ಭಕ್ತಿಯಾಗಿ ಉಳಿಯುವುದಿಲ್ಲ. ಅದು ನಾಲ್ಕು ಜನರ ಮುಂದೆ ತನ್ನನ್ನು ಬಯಲು ಮಾಡಿಕೊಂಡಂತೆ. ಕೈ ಮೇಲೇಳದೆ ತುಟಿಯೊಳಗೇ ಪ್ರಭುವಿನ ಹೆಸರು ಹೇಳಿಕೊಂಡು ಹೋಗುವವನನ್ನು ಹೇಡಿ ಎನ್ನುವ ಅಧಿಕಾರ ನಮಗಿಲ್ಲ. ನಿಕೊದೇಮನು ರಾತ್ರಿ ಬಂದಾಗ ಯೇಸು ಅವನನ್ನು ಹಗಲು ಬಾ ಎಂದು ಕಳುಹಿಸಲಿಲ್ಲ. ಅದೇ ನಿಕೊದೇಮನು ಕೊನೆಗೆ ಎಲ್ಲರೆದುರು ಪ್ರಭುವಿನ ದೇಹಕ್ಕಾಗಿ ಸುಗಂಧದ್ರವ್ಯ ಹೊತ್ತು ತಂದನು (ಯೊವಾನ್ನ 19:39).

6. ಗುರುತು ಮಾಡದವರ ಸಾಕ್ಷ್ಯ

ಮೆಥೋಡಿಸ್ಟ್ ಮತ್ತಿತರ ಪ್ರೊಟೆಸ್ಟಂಟ್ ಸಹೋದರರು ಸುಮ್ಮನೆ ಹಾದುಹೋಗುವುದನ್ನು ಅಗೌರವವೆಂದು ತಿಳಿಯುವುದು ತಪ್ಪು. ದೇವಾರಾಧನೆ ಈ ಬೆಟ್ಟದಲ್ಲೂ ಅಲ್ಲ, ಯೆರೂಸಲೇಮಿನಲ್ಲೂ ಅಲ್ಲ, ಆತ್ಮದಲ್ಲಿ ಮತ್ತು ಸತ್ಯದಲ್ಲಿ ಎಂದು ಸಮಾರಿಯದ ಸ್ತ್ರೀಗೆ ಯೇಸು ಹೇಳಿದ ಬೋಧನೆಗೆ (ಯೊವಾನ್ನ 4:21-24) ಅವರು ಕೊಡುವ ಒತ್ತು ಗಂಭೀರವಾದುದು. ಗುಡಿಯ ಮುಂದೆ ಬಾಗುವುದನ್ನು ಬಿಟ್ಟು ಬಂದ ಮೊದಲ ತಲೆಮಾರಿನವರಿಗೆ ಬಾಗದೆ ನಡೆಯುವುದೇ ವಿಶ್ವಾಸದ ಅರಿಕೆಯಾಗಿತ್ತು. ಇಟ್ಟಿಗೆಯ ಚರ್ಚಿಗೂ ಬಾಗದಿರುವುದು ಅದೇ ಅರಿಕೆಯ ಮುಂದುವರಿಕೆ.

ಆದರೆ ಸುಧಾರಣೆಯೆಂದರೆ ಗುರುತಿನ ನಿರಾಕರಣೆ ಎಂದೇನೂ ಅಲ್ಲ. 1529ರ ತನ್ನ ಕಿರು ಧರ್ಮೋಪದೇಶದಲ್ಲಿ ಮಾರ್ಟಿನ್ ಲೂಥರ್ ಬೆಳಿಗ್ಗೆ ಏಳುವಾಗಲೂ ರಾತ್ರಿ ಮಲಗುವಾಗಲೂ ಶಿಲುಬೆಯ ಗುರುತು ಹಾಕಿಕೊಳ್ಳಲು ಕಲಿಸಿದನು. ಇಂಗ್ಲೆಂಡಿನಲ್ಲಿ ಪ್ಯೂರಿಟನ್ನರು ವಿರೋಧಿಸಿದರೂ ಆಂಗ್ಲಿಕನ್ ಸಭೆ ದೀಕ್ಷಾಸ್ನಾನದಲ್ಲಿ ಆ ಗುರುತನ್ನು ಉಳಿಸಿಕೊಂಡಿತು.

ಎರಡೂ ಕಡೆಯವರು ಒಬ್ಬರಿಂದೊಬ್ಬರು ಕಲಿಯಲು ಸಾಧ್ಯ. ಕನ್ನಡ ನಾಡಿನವರಾದ ನಮಗೆ ಸ್ಥಾವರ, ಜಂಗಮ ಎಂಬ ಮಾತುಗಳು ಪರಿಚಿತ. ಹನ್ನೆರಡನೆಯ ಶತಮಾನದ ಶರಣರು ಕಲ್ಲಿನ ಕಟ್ಟಡಕ್ಕಿಂತ ನಡೆದಾಡುವ ದೇಹವನ್ನೇ ದೇಗುಲವಾಗಿ ಕಂಡರು. ಕೊರಿಂಥದ ವಿಶ್ವಾಸಿಗಳಿಗೆ ಸಂತ ಪೌಲರೂ ನಿಮ್ಮ ದೇಹ ಪವಿತ್ರಾತ್ಮರ ಆಲಯವೆಂದು ಬೋಧಿಸಿದ್ದರು (1 ಕೊರಿಂಥ 6:19). ಎರಡು ದರ್ಶನಗಳು ಒಂದೇ ಎಂದು ಇದರರ್ಥವಲ್ಲ. ಆದರೆ ಕಥೋಲಿಕನ ಶಿಲುಬೆಯ ಗುರುತು ಬೀಳುವುದು ಗೋಡೆಯ ಮೇಲಲ್ಲ, ತನ್ನದೇ ಹಣೆ, ಎದೆ, ಭುಜಗಳ ಮೇಲೆ ಎಂಬುದನ್ನು ಪ್ರೊಟೆಸ್ಟಂಟ್ ಸಹೋದರರು ಗಮನಿಸಬಹುದು. ಸ್ಥಾವರವಾದ ಆಲಯವು ಜಂಗಮವಾದ ಆಲಯಕ್ಕೆ ಅದರ ದೀಕ್ಷಾಸ್ನಾನವನ್ನು ನೆನಪಿಸುತ್ತದೆ. ಹಾಗೆಯೇ ಕೈ ಎತ್ತದೆ ಕುಳಿತ ಹಿರಿಯರ ಮೌನವು, ಗುರುತಿನ ಹಿಂದೆ ಹೃದಯವಿದೆಯೇ ಎಂದು ಕಥೋಲಿಕನನ್ನು ಕೇಳುತ್ತಿರುತ್ತದೆ.

7. ನೆರೆಯವರ ಪವಿತ್ರ ಸ್ಥಳಗಳು

ಗುಡಿಯನ್ನೋ ದರ್ಗಾವನ್ನೋ ದಾಟುವಾಗ ಕ್ರೈಸ್ತನು ಏನು ಮಾಡಬೇಕು? ಮುದಗಲ್ಲಿನ ಮೊಹರಮ್ಮಿನಲ್ಲಿ ಹಿಂದೂಗಳೂ ಮುಸಲ್ಮಾನರೂ ಕೂಡಿ ಆಲಾಯಿ ದೇವರಿಗೆ ನಡೆದುಕೊಳ್ಳುವ ಜಿಲ್ಲೆ ನಮ್ಮದು. ಮಾನ್ವಿ ಎಂದರೆ ಜಗನ್ನಾಥದಾಸರ ಊರು. ಇಂತಹ ನೆಲದಲ್ಲಿ ಈ ಪ್ರಶ್ನೆ ಪುಸ್ತಕದ್ದಲ್ಲ.

ಮೂರು ಗ್ರಂಥಭಾಗಗಳು ಮಾರ್ಗ ತೋರುತ್ತವೆ. ಅಥೆನ್ಸಿನ ಬೀದಿಗಳಲ್ಲಿ ಹಾದುಹೋಗುತ್ತಿದ್ದ ಪೌಲರು ಜನರ ಪೂಜಾಸ್ಥಳಗಳನ್ನು ಗಮನವಿಟ್ಟು ನೋಡಿದರು. ನೋಡಿದ್ದರಿಂದಲೇ ಅವರಿಗೆ ಮಾತಾಡಲು ದಾರಿ ಸಿಕ್ಕಿತು (ಪ್ರೇಷಿತರ ಕಾರ್ಯಗಳು 17:23). ಅದೇ ಪೌಲರು ಪ್ರಭುವಿನ ಮೇಜಿನಲ್ಲೂ ಬೇರೆ ಮೇಜಿನಲ್ಲೂ ಪಾಲುಗಾರರಾಗಲಾಗದು ಎಂದೂ ಎಚ್ಚರಿಸಿದರು (1 ಕೊರಿಂಥ 10:21). ಮತ್ತು ಸಿರಿಯದ ಸೇನಾಪತಿ ನಾಮಾನನು, ತನ್ನ ಒಡೆಯ ರಿಮ್ಮೋನನ ಗುಡಿಯಲ್ಲಿ ತನ್ನ ಕೈಯ ಮೇಲೆ ಆತುಕೊಂಡು ಬಾಗುವಾಗ ತಾನೂ ಬಾಗಬೇಕಾಗುತ್ತದೆ, ಅದನ್ನು ಸರ್ವೇಶ್ವರ ಕ್ಷಮಿಸಲಿ ಎಂದು ಬೇಡಿದಾಗ ಎಲೀಷನು ಅವನನ್ನು ಸಮಾಧಾನದಿಂದ ಕಳುಹಿಸಿಕೊಟ್ಟನು (2 ಅರಸುಗಳು 5:18-19).

ಇವುಗಳಿಂದ ದೊರೆಯುವ ವಿವೇಕ ಇಷ್ಟು: ನೆರೆಯವನ ಪ್ರಾರ್ಥನೆಯನ್ನು ಗೌರವಿಸುವುದು ಬೇರೆ, ಅವನ ಆರಾಧನೆಯಲ್ಲಿ ಪಾಲುಗೊಳ್ಳುವುದು ಬೇರೆ. ಮೆರವಣಿಗೆ ಬಂದಾಗ ದಾರಿ ಬಿಟ್ಟು ನಿಲ್ಲುವುದು, ಅವರ ಪವಿತ್ರ ಅಂಗಳಕ್ಕೆ ಕಾಲಿಡುವಾಗ ಕೆರ ಬಿಡುವುದು, ಪ್ರಾರ್ಥನೆಯ ಹೊತ್ತಿನಲ್ಲಿ ದನಿ ತಗ್ಗಿಸುವುದು ಸಭ್ಯತೆ ಮತ್ತು ಪ್ರೀತಿ. ಆರಾಧನೆಯ ಗುರುತುಗಳನ್ನು ತನ್ನ ಪ್ರಭುವಿಗೆ ಮೀಸಲಿಡುವುದು ನಿಷ್ಠೆ. ಮಿಶ್ರ ಕುಟುಂಬದಲ್ಲಿ ಬಾಳುವ ಸೊಸೆಯ ಇಕ್ಕಟ್ಟನ್ನು ವಿಚಾರಿಸುವಾಗ ಪಾಲಕನು ಎಲೀಷನ ಸೌಮ್ಯತೆಯನ್ನು ನೆನೆಯಲಿ.

8. ಪಾಲನೆಗೆ ಕೆಲವು ಸೂಚನೆಗಳು

ಮೊದಲನೆಯದಾಗಿ, ಗುರುತನ್ನು ಪ್ರಾರ್ಥನೆಯೊಂದಿಗೆ ಕಲಿಸಬೇಕು. ತ್ರಿತ್ವದ ಹೆಸರನ್ನು ಮನಸ್ಸಿನಲ್ಲಿ ಹೇಳದೆ ಕೈ ಮಾತ್ರ ಗಾಳಿಯಲ್ಲಿ ಸುತ್ತಿದರೆ ಅದು ನೊಣ ಓಡಿಸಿದಂತೆ ಕಾಣುತ್ತದೆ. ಒಂದು ಮಾತು ಸಾಕು: ಸ್ತೋತ್ರ, ಅಥವಾ ಪ್ರಭುವೇ ಕರುಣಿಸು.

ಎರಡನೆಯದಾಗಿ, ಭಯವನ್ನು ಬೇರ್ಪಡಿಸಬೇಕು. ಗುರುತು ಹಾಕದೆ ದಾಟಿದ್ದಕ್ಕೆ ಅಪಘಾತವಾಯಿತು, ಪರೀಕ್ಷೆಯಲ್ಲಿ ನಪಾಸಾಯಿತು ಎಂಬ ಮಾತು ಕೇಳಿಬಂದಲ್ಲಿ ಮೃದುವಾಗಿ ತಿದ್ದಬೇಕು. ಪ್ರಭು ಲೆಕ್ಕದ ಪುಸ್ತಕ ಹಿಡಿದು ಬಾಗಿಲಲ್ಲಿ ಕೂತಿಲ್ಲ. ಬೈಕು ಓಡಿಸುವವನು ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದೇ ಇರಲಿ. ಮನಸ್ಸಿನ ನಮಸ್ಕಾರ ಅಷ್ಟೇ ಪೂರ್ಣವಾದುದು.

ಮೂರನೆಯದಾಗಿ, ಪ್ರದರ್ಶನದ ಕುರಿತು ಮತ್ತಾಯನ ಆರನೆಯ ಅಧ್ಯಾಯದ ಎಚ್ಚರಿಕೆಯನ್ನು ಮೊದಲು ನಮಗೇ ಅನ್ವಯಿಸಿಕೊಳ್ಳಬೇಕು. ಬೀದಿಯ ಮೂಲೆಯಲ್ಲಿ ಜನ ನೋಡಲೆಂದು ಪ್ರಾರ್ಥಿಸುವ ಶೋಧನೆ ನಿಲುವಂಗಿ ತೊಟ್ಟವರಿಗೇ ಹೆಚ್ಚು.

ನಾಲ್ಕನೆಯದಾಗಿ, ಗುಳೆ ಹೋಗುವವರನ್ನು ನೆನೆಯಬೇಕು. ಮಳೆ ಕೈಕೊಟ್ಟ ವರ್ಷಗಳಲ್ಲಿ ದೇವದುರ್ಗ, ಮಾನ್ವಿ ಕಡೆಯ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿನಂತಹ ನಗರಗಳಿಗೆ ಕಟ್ಟಡದ ಕೆಲಸಕ್ಕೆ ಹೊರಡುತ್ತವೆ. ಊರಿನ ದೇವಾಲಯದ ಹೊಸ್ತಿಲು ಮುಟ್ಟಿ ಬಸ್ಸು ಹತ್ತುವವನಿಗೆ ಆ ಸ್ಪರ್ಶ ಮುಂದಿನ ತಿಂಗಳುಗಳ ಬುತ್ತಿ. ತಗಡಿನ ಶೆಡ್ಡಿನಲ್ಲಿ ಇದ್ದು, ಸುತ್ತ ಯಾವ ದೇವಾಲಯವೂ ತನ್ನದೆನಿಸದಿದ್ದಾಗ, ಅವನು ದಾನಿಯೇಲನಂತೆ ಊರಿನ ಕಡೆಗೆ ಮುಖಮಾಡಿ ಹಾಕುವ ಗುರುತಿನಲ್ಲಿ ಧರ್ಮಸಭೆ ಅವನೊಂದಿಗಿರುತ್ತದೆ. ಹೊರಡುವ ಮುನ್ನ ಅವರನ್ನು ಹರಸಿ ಕಳುಹಿಸುವ, ಹೋದ ಊರಿನ ಗುರುಗಳಿಗೆ ಅವರ ಸುದ್ದಿ ಮುಟ್ಟಿಸುವ ಕೆಲಸ ನಮ್ಮದು.

ಸಮಾರೋಪ

ಪವಿತ್ರ ಗ್ರಂಥದಲ್ಲಿ ಹಾದುಹೋದವರ ಇನ್ನೊಂದು ಕಥೆಯಿದೆ. ಯೆರೂಸಲೇಮಿನಿಂದ ಯೆರಿಕೋಗೆ ಇಳಿಯುವ ದಾರಿಯಲ್ಲಿ ಒಬ್ಬ ಯಾಜಕನೂ ಒಬ್ಬ ಲೇವಿಯನೂ ಗಾಯಗೊಂಡು ಬಿದ್ದವನನ್ನು ಕಂಡು ಆಚೆ ಬದಿಯಿಂದ ದಾಟಿಹೋದರು (ಲೂಕ 10:31-32). ಮಹಾದೇವಾಲಯದ ಮುಂದೆ ಹೇಗೆ ಬಾಗಬೇಕೆಂಬುದು ಅವರಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ತಿಳಿದಿತ್ತು. ದಾರಿಯಲ್ಲಿ ಬಿದ್ದಿದ್ದ ಪವಿತ್ರ ಸ್ಥಳವೊಂದು ಅವರ ಕಣ್ಣಿಗೆ ಬೀಳಲಿಲ್ಲ. ಸಂತ ಯೊವಾನ್ನ ಕ್ರಿಸೊಸ್ತೋಮರು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಮೇಲಿನ ತಮ್ಮ ಪ್ರಬೋಧನೆಯಲ್ಲಿ ಬಡವನನ್ನೇ ಬಲಿಪೀಠವೆಂದು ಕರೆದು, ಆ ಪೀಠ ಓಣಿಗಳಲ್ಲಿ, ಸಂತೆಬೀದಿಗಳಲ್ಲಿ ಎಲ್ಲೆಡೆ ಕಾಣಸಿಗುತ್ತದೆ ಎಂದು ಬೋಧಿಸಿದರು.

ದೇವಾಲಯದ ಮುಂದೆ ತಲೆಬಾಗುವ ಅಭ್ಯಾಸ ನಮ್ಮ ಕಣ್ಣಿಗೆ ಕೊಡುವ ತರಬೇತಿ ಇದಕ್ಕೇ. ಒಂದು ಗೋಡೆಯ ಆಚೆ ಅಡಗಿರುವ ಪ್ರಭುವನ್ನು ಗುರುತಿಸಲು ಕಲಿತವನು, ರಾಯಚೂರಿನ ರೈಲುನಿಲ್ದಾಣದ ಬಾಗಿಲಲ್ಲಿ ಕೂತ ಮುದುಕನಲ್ಲೂ ಗುಳೆ ಬಸ್ಸಿಗಾಗಿ ಕಾದು ಬಳಲಿದ ಬಸುರಿಯಲ್ಲೂ ಅದೇ ಪ್ರಭುವನ್ನು ಗುರುತಿಸಬೇಕು. ಅಲ್ಲಿ ಶಿಲುಬೆಯ ಗುರುತು ಹಾಕಿ ಮುಂದೆ ಹೋಗುವುದು ಸಾಲದು, ನಿಲ್ಲಬೇಕು. ನಮ್ಮ ಜನರಿಗೆ ಈ ಎರಡನ್ನೂ, ಯಾವ ಪವಿತ್ರ ಸ್ಥಳದ ಮುಂದೆ ನಮಸ್ಕರಿಸಿ ಸಾಗಬಹುದು, ಯಾವುದರ ಮುಂದೆ ನಿಲ್ಲಲೇಬೇಕು ಎಂಬುದನ್ನು, ಒಟ್ಟಿಗೆ ಕಲಿಸುವ ಹೊಣೆ ಗುರುಗಳ ಮತ್ತು ಉಪದೇಶಿಗಳ ಮೇಲಿದೆ.